ಫ್ರೆಂಚ್ ಸೈತಾನನೂ ನಮ್ಮ ಮನೆಯ ಭೂತವೂ

ಅಬುಧಾಬಿಯಲ್ಲಿ ಆ ವರ್ಷಗಳಲ್ಲಿ ನಮ್ಮ ಕಡೆಯವರು ಎಲ್ಲಿ ಸೇರಿದರೂ ಫ್ರೆಂಚಿನದೇ ಮಾತು. ಫ್ರಾನ್ಸನ್ನು ನೋಡಬೇಕೆಂಬ ಆಸೆ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಪ್ರಾಂತವೊಂದಿದೆ, ಆ ಭಾಷೆ ಬಂದರೆ ವಲಸೆಯ ಅರ್ಜಿಗೆ ಪಾಯಿಂಟ್ ಜಾಸ್ತಿ ಸಿಗುತ್ತದೆ ಎಂಬುದು ಕೋರಿರೊಟ್ಟಿಯ ಜೊತೆ ಬಡಿಸುವ ಸುದ್ದಿಯಾಗಿತ್ತು. ಇಷ್ಟು ವರ್ಷ ಅರಬ್ಬರ ನೆಲದಲ್ಲಿ ಯಲ್ಲಾ, ಖಲಾಸ್, ಮಾಫಿ ಎಂಬ ಮೂರು ಶಬ್ದಗಳಲ್ಲೇ ಸಂಸಾರ ನಡೆಸಿದ ಮಹನೀಯರು ಈಗ ಕಾರಿನೊಳಗೆ ಕುಳಿತು ಸ್ಟಿಯರಿಂಗಿಗೆ 'ಬೋಂಜೂರ್' ಹೇಳುತ್ತಿದ್ದರು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವನ ತುಟಿ ಅಲುಗುವುದನ್ನು ಕಂಡು ಮೊದಮೊದಲು ಜಪ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಕ್ರಿಯಾಪದ.

ನನಗೆ ಕೆನಡಾ ಬೇಕಿರಲಿಲ್ಲ. ನನ್ನ ಗಂಡ "ಅಲ್ಲಿ ಚಳಿ" ಎಂಬ ಎರಡೇ ಶಬ್ದಗಳಲ್ಲಿ ಆ ದೇಶವನ್ನು ಮುಗಿಸಿದ್ದರು. ಆದರೂ ನಾನು ಫ್ರೆಂಚ್ ಕ್ಲಾಸಿಗೆ ಸೇರಿದ್ದು ನನ್ನ ಗೆಳತಿಯ ದೆಸೆಯಿಂದ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಾವಿದ್ದದ್ದು ಒಂದು ದೊಡ್ಡ ವಿಲ್ಲಾವನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟ ಮನೆಯಲ್ಲಿ. ಕೆಳಗಿನ ತುಂಡು ನಮ್ಮದು, ಮೇಲಿನದು ಅವಳದು. ಅವಳು ಮಂಗಳೂರಿನ ಆಚೆಯ ಕೊಂಕಣಿ ಕ್ರಿಶ್ಚಿಯನ್, ಆಸ್ಪತ್ರೆಯಲ್ಲಿ ನರ್ಸು. ನಾನು ಉಡುಪಿ ಕಡೆಯ ತುಳುವಳು. ನಮ್ಮಿಬ್ಬರ ಮಾತು ತುಳುವಿನಲ್ಲಿ ಶುರುವಾಗಿ, ಕನ್ನಡಕ್ಕೆ ಹೊರಳಿ, ಜಗಳ ಬಂದಾಗ ಇಂಗ್ಲಿಷಿನಲ್ಲಿ ಮುಗಿಯುತ್ತಿತ್ತು. ಅವಳ ಮನೆಯ ಮೀನಿನ ಸಾರು ಮೆಟ್ಟಿಲಿಳಿದು ಬರುತ್ತಿತ್ತು, ನನ್ನ ಪತ್ರೊಡೆ ಮೆಟ್ಟಿಲು ಹತ್ತಿ ಹೋಗುತ್ತಿತ್ತು. ಆ ಮರಳುಗಾಡಿನಲ್ಲಿ ನನಗಿದ್ದ ಊರು ಅಂದರೆ ಅವಳೇ.

ಅವಳಿಗೆ ಮಾತ್ರ ಫ್ರೆಂಚ್ ನಿಜಕ್ಕೂ ಬೇಕಿತ್ತು. ಅವಳದು ಡಿಪ್ಲೊಮಾ ಓದು. ಡಿಗ್ರಿ ಇಲ್ಲದವರ ಕಾಂಟ್ರಾಕ್ಟನ್ನು ಈ ಸಲ ಮುಗಿದ ಮೇಲೆ ಮುಂದುವರಿಸುವುದಿಲ್ಲ ಎಂದು ಅವಳ ಆಸ್ಪತ್ರೆಯವರು ನಯವಾಗಿ ತಿಳಿಸಿದ್ದರು. ಗಂಡ ಹೋಟೆಲಿನ ರಿಸೆಪ್ಷನ್ನಿನಲ್ಲಿ, ಅರ್ಧ ತಿಂಗಳು ಕೆಲಸ, ಅರ್ಧ ತಿಂಗಳು ಭರವಸೆ. ಗಂಡ, ಇಬ್ಬರು ಹೆಣ್ಣುಮಕ್ಕಳು ಎಲ್ಲರೂ ಅವಳ ವೀಸಾದ ಕೆಳಗೇ ಇದ್ದರು. ಅವಳ ಕೆಲಸ ಹೋದರೆ ನಾಲ್ಕು ಜನ ಊರಿಗೆ ಮರಳಿ ಅವಳ ಅತ್ತಿಗೆಯ ಮನೆಯ ಹಿಂದಿನ ಕೋಣೆಯಲ್ಲಿ ಇರಬೇಕಿತ್ತು. ಕೆನಡಾದ ಅರ್ಜಿಯಲ್ಲಿ ಎಲ್ಲವೂ ಸರಿಯಾಗಿತ್ತು, ಫ್ರೆಂಚಿನ ಪಾಯಿಂಟ್ ಮಾತ್ರ ಕಡಿಮೆಯಿತ್ತು.

"ನನಗೆ ಡ್ರೈವಿಂಗ್ ಬರುದಿಲ್ಲ, ನಿನಗೆ ಸಂಜೆ ಕೆಲಸ ಇಲ್ಲ. ಸುಮ್ಮನೆ ಬಂದು ಕೂತ್ಕೋ ಮಾರಾಯ್ತಿ. ಅಲ್ಲಿ ಎಸಿ ಉಂಟು, ಕಾಫಿ ಉಂಟು" ಎಂದಳು. ಎಸಿ ನಮ್ಮ ಮನೆಯಲ್ಲೂ ಉಂಟು ಎಂದು ಹೇಳಬಹುದಿತ್ತು. ಹೀಗೆ ನಾನು ಅಲ್ ರೀಮ್ ಐಲ್ಯಾಂಡಿನ ಒಂದು ಗಾಜಿನ ಟವರಿನಲ್ಲಿ ವಿದ್ಯಾರ್ಥಿನಿಯಾದೆ. ಕೂದಲಿಗೆ ಮೆಹಂದಿ ಹಚ್ಚುವ ವಯಸ್ಸಿನಲ್ಲಿ ಹೆಗಲಿಗೆ ಚೀಲ ಹಾಕಿ ಹೊರಟವಳನ್ನು ನೋಡಿ ನನ್ನ ಮಗಳು "ಸೋ ಕ್ಯೂಟ್, ಅಮ್ಮಾ" ಎಂದು ಇಂಗ್ಲಿಷಿನಲ್ಲಿ ಆಶೀರ್ವಾದ ಮಾಡಿದಳು.

ಮೇಷ್ಟ್ರು ನಿಜವಾದ ಫ್ರೆಂಚ್ ಮನುಷ್ಯ. ವಯಸ್ಸಾದವರು, ಸಣಕಲು, ಇಸ್ತ್ರಿ ಕಾಣದ ಲಿನನ್ ಶರಟು. ನಮ್ಮ ಪಠ್ಯಪುಸ್ತಕದ ಮೊದಲನೆಯ ಪಾಠ 'ಅಂಚೆ ಕಚೇರಿಯಲ್ಲಿ' ಎಂದಿತ್ತು. ಅದನ್ನು ಅವರು ಬೆರಳ ತುದಿಯಲ್ಲಿ ಹಿಡಿದು, ಸತ್ತ ಇಲಿಯನ್ನು ಎಸೆಯುವ ಹಾಗೆ ಮೇಜಿನ ಆಚೆ ಇಟ್ಟರು. ಅಂಚೆ ಕಚೇರಿಯನ್ನು ಯಾರು ಬೇಕಾದರೂ ಹುಡುಕಿಕೊಳ್ಳುತ್ತಾರೆ, ಭಾಷೆ ಇರುವುದು ಕಾವ್ಯದಲ್ಲಿ, ನಮ್ಮ ಕಾವ್ಯದ ಜೀವ ಇರುವುದು ಸೈತಾನನಲ್ಲಿ ಎಂದರು. ಯೌವನದಲ್ಲಿ ಫ್ರೆಂಚ್ ಕಾವ್ಯದ ಸೈತಾನನ ಮೇಲೆ ದಪ್ಪನೆಯ ಪುಸ್ತಕವೊಂದನ್ನು ಬರೆದಿದ್ದರಂತೆ. ಯಾರೂ ಅಚ್ಚು ಹಾಕಲಿಲ್ಲವಂತೆ. ಆ ಸಿಟ್ಟನ್ನೆಲ್ಲ ಅವರು ಕೆನಡಾಕ್ಕೆ ಹೋಗಬೇಕೆಂದು ಬಂದ ಪೈಪ್‌ಲೈನ್ ಎಂಜಿನಿಯರುಗಳ ಮೇಲೆ ತೀರಿಸಿಕೊಂಡರು.

ಆ ಸೈತಾನನ ಕಥೆ ಮಾತ್ರ ರಸವತ್ತಾಗಿತ್ತು. ಮೊದಲಲ್ಲಿ ಅವನು ಕೊಂಬು, ಬಾಲ, ದುರ್ವಾಸನೆಯ ಆಸಾಮಿ. ನಾಟಕಗಳಲ್ಲಿ ಬಂದು ಒದೆ ತಿಂದು ಹೋಗುತ್ತಿದ್ದ. ಕೆಲವು ನೂರು ವರ್ಷ ಹೀಗೆ ಒದೆ ತಿಂದ ಮೇಲೆ ಕವಿಗಳಿಗೆ ಅವನ ಮೇಲೆ ಕನಿಕರ ಬಂತು. ಕೊಂಬು ಕಿತ್ತರು, ತಲೆ ಬಾಚಿದರು, ಕಪ್ಪು ಕೋಟು ಹಾಕಿದರು, ಕಣ್ಣಿಗೆ ಒಂದಿಷ್ಟು ದುಃಖ ಹಚ್ಚಿದರು. ದೇವರಿಗೇ 'ಆಗುವುದಿಲ್ಲ' ಎಂದು ಹೇಳಿದ ಧೀರ ಎಂದು ಹೊಗಳಿದರು. ಇನ್ನೂ ಸ್ವಲ್ಪ ಕಾಲ ಕಳೆಯುವಷ್ಟರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಮನೆ ಮಾಡಿ, ಕಾಫಿ ಕುಡಿಯುತ್ತ, ಆಕಳಿಸುತ್ತ ಕೂತ. ಕವಿಗಳು ಇಗರ್ಜಿಯ ಪ್ರಾರ್ಥನೆಯ ಧಾಟಿಯಲ್ಲೇ ಅವನಿಗೆ ಪ್ರಾರ್ಥನೆ ಬರೆದರು: ಸೋತವರ ಕಡೆಗೆ ನೋಡು, ಓಡಿಸಲ್ಪಟ್ಟವರನ್ನು ಕಾಯಿ ಎಂದು. ಇಷ್ಟೆಲ್ಲ ಹೇಳುವಾಗ ಮೇಷ್ಟ್ರ ಧ್ವನಿ ನಡುಗುತ್ತಿತ್ತು. ಎಂಜಿನಿಯರುಗಳು ಮಾತ್ರ ಇದಕ್ಕೆ ಪರೀಕ್ಷೆಯಲ್ಲಿ ಎಷ್ಟು ಅಂಕ ಎಂದು ಕೇಳಿದರು.

ನಾನು ಆ ಸೈತಾನನನ್ನು ಒಂದೇ ವಾರದಲ್ಲಿ ಗುರುತು ಹಿಡಿದೆ. ಹುಟ್ಟಿದ ಜಾಗದಿಂದ ಬಿದ್ದು ಇನ್ನೆಲ್ಲೋ ಬಂದವನು. ತಂಪಾದ ಕೋಣೆಯಲ್ಲಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ಕಿಟಕಿಯಲ್ಲಿ ಊರನ್ನು ನೋಡುತ್ತ ಇಡೀ ಮಧ್ಯಾಹ್ನ ಕೂತಿರುತ್ತಾನೆ. ಮಾಡಲು ಕೆಲಸವಿಲ್ಲ. ಬೇಕಾದಷ್ಟು ಬುದ್ಧಿ ಇದೆ, ಬೇಕು ಎನ್ನುವವರಿಲ್ಲ. ಇವನು ಸೈತಾನನಲ್ಲ, ಗಂಡನ ವೀಸಾದ ಮೇಲೆ ಇರುವ ಗೃಹಿಣಿ! ನನ್ನ ಪಾಸ್‌ಪೋರ್ಟಿನ ವೀಸಾ ಪುಟದಲ್ಲಿ ಕೆಲಸ ಮಾಡಲು ಅನುಮತಿಯಿಲ್ಲ ಎಂದು ಬರೆದಿತ್ತು. ಅವನನ್ನು ಸ್ವರ್ಗದಿಂದ ಕಳಿಸುವಾಗಲೂ ಅದೇ ಠಸ್ಸೆ ಒತ್ತಿರಬೇಕು. ಕವಿಗಳು ಇಷ್ಟು ಸರಿಯಾಗಿ ಬರೆದದ್ದು ಓದಿ ನನಗೆ ಅವನ ಮೇಲೆ ಪ್ರೀತಿಯೇ ಹುಟ್ಟಿತು. ಬೆಳಿಗ್ಗೆ ಗಂಡನಿಗೂ ಮಗಳಿಗೂ ಡಬ್ಬ ಕಟ್ಟಿ ಕಳಿಸಿದ ಮೇಲೆ ನಾನು ಮನೆಯಲ್ಲಿ ಒಂದೇ ಕಪ್ ಚಹಾ ಮಾಡಿಕೊಂಡು ಅವನ ಪದ್ಯಗಳನ್ನು ಓದುತ್ತಿದ್ದೆ.

ನನ್ನ ಗೆಳತಿಯ ಪಾಡು ಬೇರೆ. ಅವಳ ಬಾಯಲ್ಲಿ ಸೈತಾನ ಎಂಬ ಶಬ್ದವೇ ಹೊರಡುತ್ತಿರಲಿಲ್ಲ. ಹೆಸರು ಹೇಳಿದರೆ ಕುರ್ಚಿ ಎಳೆದುಕೊಂಡು ಬಂದು ಕೂರುತ್ತಾನೆ ಎಂದು ಅವಳ ಅಮ್ಮ ಚಿಕ್ಕಂದಿನಲ್ಲಿ ಹೆದರಿಸಿದ್ದರಂತೆ. ಪದ್ಯ ಓದುವಾಗ ಆ ಶಬ್ದ ಬಂದಲ್ಲೆಲ್ಲ ಅವಳು ಕತ್ತಿನ ಶಿಲುಬೆಯನ್ನು ಹಿಡಿದುಕೊಂಡು 'ಮೊಸ್ಯೂ' ಅಂದುಬಿಡುತ್ತಿದ್ದಳು. ಅಂದರೆ 'ಮಹಾಶಯರು'. ಮಹಾಶಯರು ಬಿದ್ದರು, ಮಹಾಶಯರು ನಕ್ಕರು, ಮಹಾಶಯರೇ ನಮ್ಮನ್ನು ಕಾಯಿರಿ. ಮೇಷ್ಟ್ರಿಗೆ ಇದು ಎಂಥ ಸೂಕ್ಷ್ಮ ವ್ಯಂಗ್ಯ ಅನ್ನಿಸಿ, ಇಡೀ ತರಗತಿಯಲ್ಲಿ ಕಾವ್ಯ ಅರ್ಥವಾದದ್ದು ನಿಮಗೊಬ್ಬರಿಗೇ ಎಂದರು. ಅವಳು ಮನೆಗೆ ಬರುವವರೆಗೂ ಕಾರಿನಲ್ಲಿ ಜಪಸರ ತಿರುಗಿಸಿದಳು.

ಆ ಹೊಗಳಿಕೆ ನನಗೆ ಚುಚ್ಚಿತು. ಪದ್ಯ ಓದುವವಳು ನಾನು, ಹೊಗಳಿಕೆ ಅವಳಿಗೆ! ಮುಂದಿನ ಕ್ಲಾಸಿನಲ್ಲಿ ಮೇಷ್ಟ್ರು, ನಿಮ್ಮ ನಿಮ್ಮ ಊರಿನ ಸೈತಾನನ ಬಗ್ಗೆ ಹೇಳಿ ಎಂದಾಗ ನಾನು ಎಲ್ಲರಿಗಿಂತ ಮೊದಲು ಕೈಯೆತ್ತಿದೆ. ನಮ್ಮ ಕುಟುಂಬದ ಮನೆಯ ಭೂತದ ಬಗ್ಗೆ ಹೇಳಿದೆ. ನಮ್ಮ ಕರಾವಳಿಯಲ್ಲಿ ಭೂತ ಅಂದರೆ ದೈವ; ಮನೆಯನ್ನೂ ಭೂಮಿಯನ್ನೂ ಕಾಯುವ, ತಪ್ಪಿದರೆ ಗದರಿಸುವ ಹಿರಿಯ ಶಕ್ತಿ. ಆದರೆ ಅಷ್ಟು ವಿವರಿಸುವ ಫ್ರೆಂಚ್ ನನ್ನ ಬಳಿ ಎಲ್ಲಿತ್ತು? ನನಗೆ ಬರುತ್ತಿದ್ದದ್ದು ಸೈತಾನನ ಫ್ರೆಂಚು ಮಾತ್ರ.

ನಾನು ಹೇಳಿದ್ದು ಇಷ್ಟು: "ನಮ್ಮ ಮನೆಯಲ್ಲಿ ಒಬ್ಬ ಸೈತಾನ ಇದ್ದಾನೆ. ಅವನಿಗೆ ಪ್ರತ್ಯೇಕ ಕೋಣೆ. ಕೂರಲು ಉಯ್ಯಾಲೆ. ನನ್ನ ಸೋದರಮಾವ ದಿನಾ ಅವನಿಗೆ ದೀಪ ಇಡುತ್ತಾರೆ. ವರ್ಷಕ್ಕೊಮ್ಮೆ ಅವನು ಒಬ್ಬ ಮನುಷ್ಯನ ಮೈಮೇಲೆ ಬಂದು ನಮ್ಮ ಹತ್ತಿರ ಮಾತಾಡುತ್ತಾನೆ. ಪದ್ಯದ ಹಾಗೆ ಮಾತಾಡುತ್ತಾನೆ. ನಮ್ಮನ್ನೆಲ್ಲ ಬೈಯುತ್ತಾನೆ. ತುಂಬಾ ಒಳ್ಳೆಯವನು."

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. ನಮ್ಮ ಕವಿಗಳು ಮುನ್ನೂರು ವರ್ಷ ಕಾಗದದ ಮೇಲೆ ಕರೆದರೂ ಬಾರದವನು ನಿಮ್ಮ ಮನೆಯಲ್ಲಿ ಉಯ್ಯಾಲೆಯಲ್ಲಿ ಕೂತಿದ್ದಾನೆಯೇ ಎಂದು ಕೇಳಿದರು. ಕೇಳುವಾಗ ಅವರ ಕಣ್ಣು ತೇವವಾಗಿತ್ತು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಮೇಜಿನ ಕೆಳಗೆ ನನ್ನ ಗೆಳತಿ ನನ್ನ ಕಾಲಿಗೆ ಬಲವಾಗಿ ಒದ್ದಳು.

"ನಿನಗೆ ಮಂಡೆ ಸರಿ ಉಂಟಾ?" ಕಾರು ಹತ್ತಿದ ಕೂಡಲೇ ಶುರುಮಾಡಿದಳು. "ನಮ್ಮ ಊರು ಅಂದ್ರೆ ಅವನ ತವರುಮನೆ ಅಂತ ಹೇಳಿ ಬಂದಿಯಲ್ಲ. ನಾನೂ ಅದೇ ಊರಿನವಳು. ನಾಳೆ ನನ್ನ ಫೈಲಿಗೆ ತೊಂದರೆ ಆದ್ರೆ?"

"ಕೆನಡಾದವರು ಅದಕ್ಕೆ ಪಾಯಿಂಟ್ ಕಟ್ ಮಾಡುದಿಲ್ಲ ಮಾರಾಯ್ತಿ."

"ನಗಬೇಡ. ಭೂತ ಬೇರೆ, ಅವನು ಬೇರೆ. ನನಗೆ ಗೊತ್ತುಂಟು, ನಿನಗೆ ಗೊತ್ತಿಲ್ವಾ?"

ನಿನಗೆ ಹೇಗೆ ಗೊತ್ತು ಎಂದು ನಾನು ಕೆಣಕಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಮೆಲ್ಲಗೆ ಬಾಯಿ ಬಿಟ್ಟಳು. ಅವಳ ಅಮ್ಮ ಪ್ರತಿ ವರ್ಷ ನೆರೆಮನೆಯ ಭೂತಕ್ಕೆ ಎಳನೀರನ್ನೂ ಎಣ್ಣೆಯನ್ನೂ ಹಿತ್ತಿಲ ಬೇಲಿಯ ಮೇಲಿಂದ ದಾಟಿಸುತ್ತಾರಂತೆ. ಯಾರಾದರೂ ಕೇಳಿದರೆ ನೆರೆಯವರ ಹಬ್ಬಕ್ಕೆ ಅನ್ನುತ್ತಾರಂತೆ. ಅಪ್ಪ ಆ ದಿನ ಬೇಕೆಂದೇ ಪೇಟೆಗೆ ಹೋಗಿ ಏನೂ ನೋಡದೆ ಬರುತ್ತಾರಂತೆ. "ಆ ಜಾಗಕ್ಕೆಲ್ಲ ಅದೇ ಭೂತ ಅಲ್ವಾ? ನಾವು ಧರ್ಮ ಬದಲಿಸಿದ್ದು, ಜಾಗ ಬದಲಿಸಿಲ್ಲ" ಎಂದಳು. ಪಾದ್ರಿಗಳ ಕಿವಿಗೆ ಬೀಳಬಾರದು ಎಂದೂ ಸೇರಿಸಿದಳು. ನಾನು ಬೀಳಿಸುವುದಿಲ್ಲ ಎಂದು ಆಣೆ ಮಾಡಿದೆ.

ನಾನು ಬೀಗಿದ್ದಕ್ಕೆ ತಕ್ಕ ಫಲ ಬೇಗ ಸಿಕ್ಕಿತು. ಮೇಷ್ಟ್ರು ನಮ್ಮ ಮಾವನ ನಂಬರ್ ಕೇಳಿದರು, ಕೊಟ್ಟೆ. ಒಂದು ವಾರ ರಜೆ ಹಾಕಿ ಉಡುಪಿಗೆ ಹೊರಟರು. ವಾರವಾಯಿತು, ಬರಲಿಲ್ಲ. ನಮ್ಮ ಕುಟುಂಬದ ಮನೆಯಲ್ಲಿ ಕೋಲ, ಅಂದರೆ ದೈವ ಮೈಮೇಲೆ ಬಂದು ನುಡಿಕೊಡುವ ವಾರ್ಷಿಕ ಸೇವೆ, ಇನ್ನೂ ತಿಂಗಳ ಮೇಲಿತ್ತು. ಅದನ್ನು ನೋಡದೆ ಕದಲುವುದಿಲ್ಲ ಎಂದು ಅವರು ನಮ್ಮ ಕ್ಲಾಸು ನಡೆಸುವ ಸಂಸ್ಥೆಗೆ ಒಂದು ಸಾಲಿನ ಮೆಸೇಜು ಕಳಿಸಿದರು: 'ನಾನು ಅವನನ್ನು ಕಂಡುಹಿಡಿದಿದ್ದೇನೆ.' ಸಂಸ್ಥೆಯವರು ಯಾರನ್ನು ಎಂದು ನಮ್ಮನ್ನು ಕೇಳಿದರು. ಎಂಜಿನಿಯರುಗಳೆಲ್ಲ ತಿರುಗಿ ನನ್ನನ್ನು ನೋಡಿದರು.

ಮಾವನಿಗೆ ಮಾತ್ರ ಭಾರಿ ಖುಷಿ. ಅವರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಇಂಗ್ಲಿಷ್ ಮಾತಾಡಲು ಜನ ಸಿಗದೆ ಕಂಗಾಲಾಗಿದ್ದರು. "ಭಾರಿ ಒಳ್ಳೆ ಜನ ಮಗಾ. ನೀರುದೋಸೆ ತಿಂತಾನೆ. ಭೂತದ ಕೋಣೆಯ ಎದುರು ಕೂತು ಗಂಟೆಗಟ್ಲೆ ಪದ್ಯ ಓದ್ತಾನೆ. ಇಲ್ಲಿಯ ನಾಲ್ಕು ಜನ ಅದನ್ನು ಮಂತ್ರ ಅಂತ ತಿಳ್ಕೊಂಡು ಕೈ ಮುಗಿದು ಹೋದ್ರು" ಎಂದರು. ನನಗೆ ನಗು ಬಂತು. ಮೇಲಿನ ಮಹಡಿಯಲ್ಲಿ ನಗುವವರು ಯಾರೂ ಇರಲಿಲ್ಲ.

ಏಕೆಂದರೆ ಪರೀಕ್ಷೆಯ ದಿನ ಗೊತ್ತಾಗಿತ್ತು. ಮೇಷ್ಟ್ರ ಸಹಿಯಿಲ್ಲದೆ ನಮ್ಮ ಸಂಸ್ಥೆ ಯಾರನ್ನೂ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಸಂಸ್ಥೆಯಲ್ಲಿ ಬೇರೆ ಮೇಷ್ಟ್ರೂ ಇರಲಿಲ್ಲ. ಬೇರೆ ಕಡೆಯ ತರಗತಿಗಳು ಆಗಲೇ ಅರ್ಧ ದಾರಿ ಹೋಗಿದ್ದವು. ಆ ಪರೀಕ್ಷೆ ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಅವಳ ಕಾಂಟ್ರಾಕ್ಟ್ ಮುಗಿದಿರುತ್ತಿತ್ತು. ಅವಳು ನಮ್ಮ ಅಡುಗೆಮನೆಗೆ ಬಂದು ಯೂನಿಫಾರ್ಮಿನಲ್ಲೇ ಕೆಳಗೆ ಕೂತುಬಿಟ್ಟಳು.

"ಬೋಂಜೂರ್ ಆದ್ಮೇಲೆ ನನಗೆ ಬರುದು ಅವನ ಕಷ್ಟಸುಖ ಮಾತ್ರ. 'ಡಾಕ್ಟರ್ ಎಲ್ಲಿದ್ದಾರೆ' ಅಂತ ಕೇಳ್ಲಿಕ್ಕೆ ಬರುದಿಲ್ಲ. ನರ್ಸ್ ಆಗಿ ಹೋಗ್ಬೇಕಾದವಳು ನಾನು. ನಿನ್ನ ಬಾಯಿಗೆ ಬೀಗ ಹಾಕ್ಬೇಕಿತ್ತು" ಎಂದು ಅತ್ತಳು. ನನಗೆ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಕೋಪ ಬಂತು. ಸೋತವರ ಕಡೆಯ ಸೈತಾನನ ಬಗ್ಗೆ ಕಣ್ಣೀರು ಹಾಕುವವನಿಗೆ ತನ್ನ ಎದುರಿನ ಬೆಂಚಿನಲ್ಲಿ ಸೋಲುತ್ತಿರುವವಳು ಕಾಣಲಿಲ್ಲವಲ್ಲ! ಹತ್ತಾರು ಮೆಸೇಜು ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಮಾವನ ಹತ್ತಿರ ಹೇಳಿಸಿದೆ. ಆತ ಮುಗುಳ್ನಕ್ಕು, ಕಾವ್ಯಕ್ಕೆ ಗಡಿಯಾರವಿಲ್ಲ ಎಂದನಂತೆ.

ಸರಿ, ನಾನು ದೂರು ಕೊಡಲು ನಿರ್ಧರಿಸಿದೆ. ನಮ್ಮಲ್ಲಿ ದೈವದ ಎದುರು ಬೇಡಿಕೊಂಡು ಅಳುವುದಕ್ಕಿಂತ ನಿಂತು ದೂರು ಹೇಳುವುದು ಹೆಚ್ಚು. ಇಂಥವನಿಂದ ನನಗೆ ಹೀಗಾಗಿದೆ, ನಿನ್ನನ್ನು ನಂಬಿದ್ದೇನೆ, ಇದಕ್ಕೆ ಉತ್ತರ ಕೊಡು ಎಂದು ನ್ಯಾಯ ಕೇಳುವುದು. ಗಲ್ಫಿನಲ್ಲಿ ಇರುವವರ ದೂರು ಈಗ ವಾಯ್ಸ್ ಮೆಸೇಜಿನಲ್ಲಿ ಹೋಗುತ್ತದೆ. ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಸೌಂಡ್ ಜಾಸ್ತಿ ಮಾಡಿ ದೈವದ ಎದುರು ನಿಲ್ಲುತ್ತಾರೆ. ದೈವ ತಲೆ ವಾಲಿಸಿ ಕೇಳುತ್ತದೆ. ನಮ್ಮ ಕುಟುಂಬದ ಎಷ್ಟೋ ಜಾಗದ ತಕರಾರುಗಳು ದುಬೈಯಿಂದ ಹೀಗೇ ಇತ್ಯರ್ಥವಾಗಿವೆ.

"ದೂರು ಅವಳದ್ದಾದ್ರೆ ಧ್ವನಿ ಅವಳದ್ದೇ ಇರ್ಬೇಕು. ನೀನು ಹೇಳಿದ್ರೆ ಆಗುದಿಲ್ಲ" ಎಂದು ಮಾವ ಕಡ್ಡಿ ಮುರಿದ ಹಾಗೆ ಹೇಳಿದರು. ಅವಳು ಹೌಹಾರಿದಳು. "ನಾನಾ? ಆಮೇಲೆ ಪಾಪ ಒಪ್ಪಿಕೊಳ್ಳುವ ಕುಮ್ಸಾರಕ್ಕೆ ಹೋಗಿ ಪಾದ್ರಿಗಳ ಹತ್ರ ಎಂತ ಹೇಳುದು?" ಎಂದಳು. ನಿನ್ನ ಅಮ್ಮ ಎಂತ ಹೇಳ್ತಾರೋ ಅದನ್ನೇ ಹೇಳು ಎಂದೆ. "ಅಮ್ಮ ಎಂತದೂ ಹೇಳುದಿಲ್ಲ" ಎಂದಳು. ಹಾಗಾದರೆ ನೀನೂ ಹೇಳಬೇಡ ಎಂದೆ. ಅವಳು ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಡ್ಯೂಟಿ ಮುಗಿಸಿ ಬಂದವಳೇ ಫೋನು ಕಸಿದುಕೊಂಡು, ತಲೆಗೆ ಶಾಲು ಹಾಕಿಕೊಂಡು ಗೋಡೆಯ ಕಡೆ ತಿರುಗಿ ತುಳುವಿನಲ್ಲಿ ಹೇಳಿದಳು: "ಸ್ವಾಮೀ, ನಾನು ನಿಮ್ಮ ಮನೆಯವಳಲ್ಲ. ಆದ್ರೆ ನಮ್ಮ ಅಮ್ಮ ನಿಮ್ಮ ಕಡೆಯವರಿಗೆ ವರ್ಷವೂ ಎಳನೀರು ಕಳಿಸ್ತಾರೆ. ನಿಮ್ಮ ಅಂಗಳದಲ್ಲಿ ಕೂತವನು ನನಗೆ ಪಾಠ ಹೇಳ್ತೇನೆ ಅಂತ ಒಪ್ಪಿ, ಅರ್ಧದಲ್ಲಿ ಬಿಟ್ಟು ಬಂದಿದ್ದಾನೆ. ನನಗೆ ಇಬ್ಬರು ಹೆಣ್ಣುಮಕ್ಕಳು. ಅಷ್ಟೇ."

ಕೋಲದ ಮರುದಿನ ಬೆಳಿಗ್ಗೆ ಮಾವನ ಫೋನು ಬಂತು. ನಿದ್ದೆಯಿಲ್ಲದೆ ಧ್ವನಿ ಒಡೆದಿತ್ತು, ಉತ್ಸಾಹ ಮಾತ್ರ ಒಡೆದಿರಲಿಲ್ಲ. "ಅವನು ಎದುರು ಸಾಲಿನಲ್ಲೇ ಕೂತಿದ್ದ ಮಗಾ, ಕೈಯಲ್ಲಿ ಪುಸ್ತಕ. ದೈವ ಮೊದಲು ಊರ ದೇವರ ಅಪ್ಪಣೆ ಕೇಳಿತಲ್ಲ, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲೇ ಅವನ ಮುಖ ಸಣ್ಣ ಆಯ್ತು. 'ಇವನು ದೇವರ ಪರ್ಮಿಶನ್ ತಗೊಳ್ತಾನಾ' ಅಂತ ಕೇಳಿದ. ಮತ್ತೆ? ಹೆಡ್ ಆಫೀಸಿಗೆ ಕೇಳದೆ ಬ್ರಾಂಚ್ ನಡೀತದಾ ಅಂದೆ."

ಆಮೇಲೆ ಮಾವ ಫೋನು ಹಿಡಿದು ಅವಳ ಧ್ವನಿ ಕೇಳಿಸಿದರಂತೆ. ದೈವ ಮೆಟ್ಟಿಲಿಳಿದು ನೇರ ಮೇಷ್ಟ್ರ ಎದುರು ಬಂದು ನಿಂತಿತಂತೆ. ದೂರದಿಂದ ಬಂದವನೇ, ನನ್ನನ್ನು ನೋಡಲು ಬಂದೆ, ಸಂತೋಷ. ನಿನ್ನನ್ನು ಕಾಯುತ್ತಿರುವವರನ್ನು ಬಿಟ್ಟು ಬಂದೆ, ಅದು ಸಂತೋಷವಲ್ಲ. ಒಪ್ಪಿಕೊಂಡ ಕೆಲಸ ಮುಗಿಸದವನಿಗೆ ನನ್ನ ಅಂಗಳದಲ್ಲಿ ಜಾಗವಿಲ್ಲ, ಹೋಗಿ ಮುಗಿಸು, ಆಮೇಲೆ ಬಾ ಎಂದು ನುಡಿದು ಅವರ ಅಂಗೈಗೆ ಗಂಧ ಕೊಟ್ಟಿತಂತೆ. ಮಾವ ಅದನ್ನು ಬ್ಯಾಂಕಿನ ನೋಟಿಸಿನ ಇಂಗ್ಲಿಷಿಗೆ ಅನುವಾದಿಸಿದರಂತೆ. ಇಡೀ ಊರು ಕೈಮುಗಿದು, ಈತ ಹೂಂ ಅನ್ನುವುದನ್ನೇ ಕಾಯುತ್ತ ನಿಂತಿತಂತೆ. ಹೂಂ ಅನ್ನದೆ ಅಲ್ಲಿಂದ ಯಾರೂ ಕದಲುವ ಕ್ರಮವಿಲ್ಲ. ಕೊನೆಗೆ ಅವರು "ವಿ" ಎಂದರಂತೆ. ಫ್ರೆಂಚಿನಲ್ಲಿ ಹೌದು ಅನ್ನುವುದು ಹಾಗೆ.

ಎರಡನೆಯ ದಿನವೇ ಮೇಷ್ಟ್ರು ವಾಪಸಾದರು. ಮೂಗು ಬಿಸಿಲಿಗೆ ಸುಲಿದಿತ್ತು, ಹೊಟ್ಟೆ ಕೆಟ್ಟಿತ್ತು. ತರಗತಿಯ ಎದುರಿನಲ್ಲೇ ನನ್ನ ಕಡೆ ಬೆರಳು ತೋರಿಸಿ, "ಮದಾಮ್, ನಿಮ್ಮದು ಸೈತಾನನಲ್ಲ. ಇನ್ಸ್‌ಪೆಕ್ಟರು!" ಎಂದರು. ಅವರ ಕವಿಗಳ ಸೈತಾನ ಬಂದರೆ ಕಿವಿಯಲ್ಲಿ, ನೀನು ಎಲ್ಲರ ಹಾಗಲ್ಲ, ಎಲ್ಲ ಬಿಟ್ಟು ನನ್ನ ಜೊತೆ ಬಾ ಅನ್ನುತ್ತಾನೆ. ನಮ್ಮದು ಬಂದರೆ ಯಾರ ಕೆಲಸ ಬಿಟ್ಟು ಬಂದೆ ಎಂದು ಕೇಳುತ್ತದೆ. ಪಾಪ, ಆ ಮನುಷ್ಯ ಸಮುದ್ರ ದಾಟಿ ಹೋದದ್ದು ಹೀಗೆ ಬೈಸಿಕೊಳ್ಳುವುದಕ್ಕಲ್ಲ. ನನಗೆ ಮರುಕ ಹುಟ್ಟಿತು, ಆದರೆ ತೋರಿಸಿಕೊಳ್ಳಲಿಲ್ಲ.

ಆಮೇಲೆ ಅವರು ಒಂದು ದಿನವೂ ತಪ್ಪಲಿಲ್ಲ. ಅಂಚೆ ಕಚೇರಿ, ಬಾಡಿಗೆ ಮನೆ, ಬಸ್ಸು, ಔಷಧಿ ಅಂಗಡಿ, ಹೊಟ್ಟೆನೋವು, ಜ್ವರ. ಪುಸ್ತಕವನ್ನು ಪುಟ ಬಿಡದೆ ಉರುಹೊಡೆಸಿದರು. ನನ್ನ ಗೆಳತಿಗಾಗಿ ರೋಗಿಯ ಪಾತ್ರವನ್ನೂ ಮಾಡಿದರು. ಬೆಂಚಿನ ಮೇಲೆ ಮಲಗಿ ನರಳಿದರು, ಅವಳು ಫ್ರೆಂಚಿನಲ್ಲಿ ಅವರ ನಾಡಿ ನೋಡಿದಳು. ಸೈತಾನನ ಹೆಸರು ಮತ್ತೆ ಎತ್ತಲಿಲ್ಲ. ಎಂಜಿನಿಯರುಗಳು ನಿಟ್ಟುಸಿರು ಬಿಟ್ಟು ನೋಟ್ಸ್ ಬರೆದುಕೊಂಡರು. ನನಗೊಬ್ಬಳಿಗೇ ಬೇಸರವಾಯಿತು. ಅಂಚೆ ಕಚೇರಿಗೆ ಹೋಗಿ ನಾನೇನು ಮಾಡಲಿ? ನನ್ನ ಮಧ್ಯಾಹ್ನಗಳು ಗೊತ್ತಿದ್ದವನು ಆ ಕಪ್ಪು ಕೋಟಿನ ದುಃಖಿತನೊಬ್ಬನೇ ಆಗಿದ್ದ, ಅವನನ್ನೂ ನಾನೇ ದೂರು ಕೊಟ್ಟು ಓಡಿಸಿದ ಹಾಗಾಯಿತು.

ಅವಳು ಪರೀಕ್ಷೆಗೆ ಕೂತಳು. ನಾನು ಹೊರಗೆ ಕಾರಿನಲ್ಲಿ ಕೂತೆ. ಕೆಲಸ, ಮಕ್ಕಳು, ಹವಾಮಾನ ಎಂದು ಕೇಳಿದರಂತೆ, ಎಲ್ಲದಕ್ಕೂ ಉತ್ತರ ಹೇಳಿದಳಂತೆ. ಫಲಿತಾಂಶ ಬಂದ ದಿನ ಮೆಟ್ಟಿಲ ಮೇಲಿಂದಲೇ ಕಿರುಚಿಕೊಂಡು ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಹೆಣ್ಣುಮಕ್ಕಳು ಹಿಂದೆ ನಿಂತು ಕುಣಿಯುತ್ತಿದ್ದರು. ನಾನೂ ಕುಣಿದೆ. ಆದರೆ ನಿಜ ಹೇಳುತ್ತೇನೆ, ನನಗೆ ಸಂತೋಷವಾಗಲಿಲ್ಲ. ಅವಳಿಗೆ ಸಿಗಲಿ ಸಿಗಲಿ ಎಂದು ಓಡಾಡುವಾಗ, ಸಿಕ್ಕಿದರೆ ಅವಳು ಹೋಗುತ್ತಾಳೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇಷ್ಟು ದಡ್ಡತನ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

ಉಳಿದ ಕಾಗದಪತ್ರಗಳೆಲ್ಲ ಮುಗಿದು ಚಳಿಗಾಲಕ್ಕೆ ಅವರು ಹೊರಟರು. ಏರ್‌ಪೋರ್ಟಿನಲ್ಲಿ ಸೂಟ್‌ಕೇಸಿನ ತೂಕ ಹೆಚ್ಚಾಗಿ, ಅವಳ ಗಂಡ ಅಲ್ಲೇ ನೆಲದ ಮೇಲೆ ಬಿಚ್ಚಿ ಉಪ್ಪಿನಕಾಯಿಯ ಭರಣಿಯನ್ನು ನನ್ನ ಕೈಗೆ ಕೊಟ್ಟರು. ಅದು ನಾನೇ ಹಾಕಿಕೊಟ್ಟ ಉಪ್ಪಿನಕಾಯಿ. ಮೇಲಿನ ಮಹಡಿಗೆ ಉತ್ತರದ ಕಡೆಯ ಸಂಸಾರವೊಂದು ಬಂತು. ಒಳ್ಳೆಯ ಜನ. ನೋಡಿದಾಗಲೆಲ್ಲ "ನಮಸ್ತೇ ಜೀ" ಅನ್ನುತ್ತಾರೆ.

ಮರುವರ್ಷದ ಕೋಲ ಬಂತು. ಮಾವ ಫೋನು ಮಾಡಿದರು. "ನಿನ್ನ ಗೆಳತಿಯ ಕೆಲಸ ಆಯ್ತಲ್ಲ ಮಗಾ. ದೈವಕ್ಕೆ ಒಂದು ಮಾತು ಒಪ್ಪಿಸ್ಬೇಕು. ನಿನ್ನದೂ ಎಂತಾದ್ರೂ ಇದ್ರೆ ಹೇಳು" ಎಂದರು. ಅವತ್ತು ಮಧ್ಯಾಹ್ನ ಫೋನು ಹಿಡಿದು ಕೂತೆ. ಅವಳಿಗೆ ಕೆಲಸ ಸಿಕ್ಕಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಕೇಳಿದ್ದನ್ನು ನೀನು ಕೊಟ್ಟೆ ಎಂದು ಚೆನ್ನಾಗಿಯೇ ಹೇಳಿದೆ. ಮುಂದೆ ನನ್ನದು ಹೇಳಬೇಕಿತ್ತು. ಏನೆಂದು ದೂರು ಕೊಡಲಿ? ಅವಳು ಇಲ್ಲ ಎನ್ನಲೇ? ಅವಳನ್ನು ವಾಪಸು ಕಳಿಸು ಎಂದರೆ ಅವಳ ಮಕ್ಕಳ ಅನ್ನ ಕಿತ್ತುಕೊಂಡಂತೆ. ಗಂಡ ಕೆಟ್ಟವರಲ್ಲ, ಮಗಳು ಕೆಟ್ಟವಳಲ್ಲ, ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ನನಗೆ ಅನ್ಯಾಯ ಮಾಡಿದವರೆಂದು ಬೆರಳು ತೋರಿಸಲು ಒಬ್ಬರೂ ಇರಲಿಲ್ಲ. ಬಟನ್ ಒತ್ತಿಕೊಂಡೇ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಎಸಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಬೆರಳು ಜಾರಿತು, ಮೆಸೇಜು ಹೋಯಿತು.

ಕೋಲ ಮುಗಿದ ಮೇಲೆ ಮಾವ ಫೋನು ಮಾಡಿದಾಗ ನಾನೇ ಮೊದಲು, ಕೊನೆಗೆ ಏನೂ ಇರಲಿಲ್ಲ, ತಪ್ಪಿ ಹೋಯಿತು, ಅಲ್ಲಿಗೇ ನಿಲ್ಲಿಸಬೇಕಿತ್ತು ಎಂದೆ.

"ನಾನು ನಿಲ್ಲಿಸ್ಲಿಕ್ಕೆ ಹೋದೆ ಮಗಾ. ದೈವ ಕೈ ಅಡ್ಡ ಹಿಡಿಯಿತು. ಪೂರ್ತಿ ಕೇಳಿತು. ಬ್ಯಾಂಡಿನವರು, ದೊಂದಿ ಹಿಡಿದವರು ಎಲ್ಲ ಸುಮ್ಮನೆ ನಿಂತಿದ್ರು."

"ಆಮೇಲೆ ಏನಾದರೂ ನುಡಿಯಿತಾ?"

"ಇಲ್ಲ. ಅದು ಮುಗಿದ ಮೇಲೆ 'ನನಗೆ ಕೇಳಿತು' ಅಂತ ಹೇಳಿತು, ಅಷ್ಟೇ. ನಿನಗೆ ಎಂತ ಆಗಿದೆ ಮಗಾ?"

ಏನಿಲ್ಲ ಮಾವ ಎಂದು ಹೇಳಲು ಬಾಯಿ ತೆರೆದೆ. ಅಳು ಬಂತು.